ವಾಲ್‌ಹೈಮ್‌ನಲ್ಲಿ ಕಡಲ ದಂಡೆಯ ಠಾಣೆ: ಎರಡು ಸಲ ಕಟ್ಟಿದ ಲೆಕ್ಕ

ವಾಲ್‌ಹೈಮ್ ಅಂದರೆ ಕಾಡು-ಕಡಲ ನಡುವೆ ಮನೆ ಕಟ್ಟಿ ಬದುಕುವ ಕಂಪ್ಯೂಟರ್ ಆಟ. ಮೂರು ಜನ, ಒಂದು ಸರ್ವರ್, ಆಟದ ಲೆಕ್ಕದಲ್ಲಿ 46 ದಿನ. ವಾಲ್‌ಹೈಮ್‌ನ ಒಂದು ಹಗಲು-ರಾತ್ರಿಗೆ ನಮ್ಮ 30 ನಿಮಿಷ. ಮಲಗಿ ದಾಟಿಸಿದ ರಾತ್ರಿಗಳನ್ನು ಕಳೆದರೆ ಒಟ್ಟು ಕೆಲಸ ಹತ್ತೊಂಬತ್ತು ಗಂಟೆ ಅನ್ನಬಹುದು. ಅದರಲ್ಲಿ ಏಳು ಗಂಟೆ ಮೊದಲನೇ ಸಲ ತಪ್ಪಾಗಿ ಕಟ್ಟಿದ್ದಕ್ಕೇ ಹೋಯಿತು. ತಪ್ಪು ಒಂದೇ: ಮನೆಯನ್ನು ಕಾಯಲು ಕೋಟೆ ಕಟ್ಟಿ, ದೋಣಿಯನ್ನು ಹೊರಗೆ ಬಿಟ್ಟೆವು. ದಂಡೆಯಲ್ಲಿ ಮನೆ ಹೋದರೆ ಒಂದು ಸಂಜೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ದೋಣಿ ಹೋದರೆ ಕಬ್ಬಿಣ ನಿಂತುಹೋಗುತ್ತದೆ.

ದಂಡೆಯೇ ಯಾಕೆ ಅಂದರೆ, ಪೋರ್ಟಲ್‌ನಲ್ಲಿ (ಕ್ಷಣದಲ್ಲಿ ದೂರ ದಾಟಿಸುವ ಬಾಗಿಲು) ಮನುಷ್ಯ ಹೋಗುತ್ತಾನೆ, ಲೋಹ ಹೋಗುವುದಿಲ್ಲ. ತಾಮ್ರ, ತವರ, ಕಬ್ಬಿಣ ಅದಿರಾಗಿದ್ದರೂ ಕಾಯಿಸಿದ ಗಟ್ಟಿಯಾಗಿದ್ದರೂ ನಡೆದು, ಗಾಡಿಯಲ್ಲಿ ಅಥವಾ ದೋಣಿಯಲ್ಲೇ ಬರಬೇಕು. ಪ್ರಪಂಚ ಶುರು ಮಾಡುವಾಗ ಆ ನಿಯಮ ಸಡಿಲಿಸುವ ಆಯ್ಕೆ ಇದೆ. ಅದನ್ನು ಹಾಕಿಕೊಂಡಿದ್ದರೆ ಇಲ್ಲಿರುವ ಅರ್ಧ ಕೆಲಸ ನಿಮಗೆ ಬೇಕಿಲ್ಲ. ಜೌಗಿನಲ್ಲಿ ಸಿಗುವ ಸ್ಕ್ರ್ಯಾಪ್ (ಕಾಯಿಸದ) ಕಬ್ಬಿಣದ ಒಂದು ತುಂಡಿನ ತೂಕ 10, ಒಬ್ಬ ಹೊರುವ ಮಿತಿ 300. ಮೂವತ್ತು ತುಂಡಿಗೆ ಹೆಗಲು ಭರ್ತಿ. ಕಾರ್ವ್ ದೋಣಿಯ 4 ಖಾನೆಗೆ 120 ತುಂಡು ಹಿಡಿಯುತ್ತದೆ, ಅದಕ್ಕಿಂತ ದೊಡ್ಡ ದೋಣಿ ಲಾಂಗ್‌ಶಿಪ್‌ನ 18 ಖಾನೆಗೆ 540. ಹಾಲ್ಡೋರ್ ಎಂಬ ವ್ಯಾಪಾರಿಯ ಅಂಗಡಿಯಲ್ಲಿ 950 ನಾಣ್ಯ ಕೊಟ್ಟು ಸೊಂಟಪಟ್ಟಿ ತಂದರೆ ಹೆಗಲಿಗೆ ಇನ್ನೂ 150 ಸೇರುತ್ತದೆ. ಆದರೂ ದೋಣಿಯ ಮುಂದೆ ಅದು ಲೆಕ್ಕಕ್ಕಿಲ್ಲ.

ಜಾಗ: ಹುಲ್ಲುಗಾವಲಿನ ದಂಡೆ, ನೀರಿನಿಂದ 3 ಮೀಟರ್ ಎತ್ತರದ ಚಪ್ಪಟೆ ನೆಲ. ಹಿಂದೆ ಸುಮಾರು 70 ಮೀಟರ್‌ಗೆ ಕಪ್ಪು ಕಾಡು ಶುರು. ಎದುರು ದಡದಲ್ಲಿ ಜೌಗು.

1. ದಿನ 112–114: ಪಾಯವಿಲ್ಲದ ಮನೆ

ಮೊದಲು ವರ್ಕ್‌ಬೆಂಚ್, 10 ಕಟ್ಟಿಗೆ. ಅದರ ಸುತ್ತ 20 ಮೀಟರ್ ಒಳಗೆ ಮಾತ್ರ ಕಟ್ಟಲು ಸಾಧ್ಯ. ಅದೇ 20 ಮೀಟರ್‌ನಲ್ಲಿ ಪ್ರಾಣಿಗಳು ಹೊಸದಾಗಿ ಹುಟ್ಟುವುದೂ ಇಲ್ಲ. ಎರಡನೆಯ ಗುಣವೇ ಮುಂದೆ ಹೆಚ್ಚು ಕೆಲಸಕ್ಕೆ ಬಂತು.

ಮನೆಯ ನೆಲ 2×2 ಮೀಟರ್‌ನ 30 ಹಲಗೆ, 12 ಮೀಟರ್‌ಗೆ 10. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಥರ್ಟಿ-ಫಾರ್ಟಿ ಸೈಟಿಗಿಂತ ಒಂದು ಚೂರು ಅಗಲ. ಹಲಗೆಗೆ 60 ಕಟ್ಟಿಗೆ, ಗೋಡೆ ಎರಡು ಸುತ್ತಿಗೆ 88, ಕಂಬ ಮತ್ತು ಸೂರು ಸೇರಿಸಿ ಒಟ್ಟು 260 ದಾಟಿತು. ದೋಣಿ ಹತ್ತಿರವಿರಲಿ ಎಂದು ಮುಂದಿನ ಎರಡು ಸಾಲು ಹಲಗೆಯನ್ನು ನೀರಿನ ಮೇಲೆ ಚಾಚಿದೆವು. ಎತ್ತರ ನೀರಿನಿಂದ ಅರ್ಧ ಮೀಟರ್.

ಆ ಅರ್ಧ ಮೀಟರ್ ನೋಡಿದ್ದು ಗಾಳಿ ಇಲ್ಲದ ಬೆಳಿಗ್ಗೆ. ಈ ಆಟದಲ್ಲಿ ಭರತ-ಇಳಿತ ಇಲ್ಲ, ನೀರಿನ ಮಟ್ಟ ಎಲ್ಲೆಡೆ ಒಂದೇ. ಆದರೆ ಗಾಳಿ ಏರಿದರೆ ಅಲೆ ಏರುತ್ತದೆ. ಮೊದಲನೇ ಬಿರುಗಾಳಿಗೇ ಅಲೆ ಹಲಗೆಯ ಮೇಲೆ ಹಾದುಹೋಯಿತು. ಕಾಲಿಗೆ ನೀರು ತಾಗಿದರೆ ಮೈ ಒದ್ದೆ ಎಂಬ ಗುರುತು ಬರುತ್ತದೆ, ಒದ್ದೆ ಮೈಯಲ್ಲಿ ಹಾಸಿಗೆ ಮಲಗಲು ಬಿಡುವುದಿಲ್ಲ. ಹಾಸಿಗೆಗೆ ಸೂರು ಬೇಕು, ಹತ್ತಿರ ಬೆಂಕಿ ಬೇಕು, ಮೈ ಒಣಗಿರಬೇಕು, ಸಮೀಪದಲ್ಲಿ ಶತ್ರು ಇರಬಾರದು. ನಾಲ್ಕರಲ್ಲಿ ಮೂರು ಇದ್ದೂ ರಾತ್ರಿಯಿಡೀ ಕೂತೆವು. ಕೆರೆ ಅಂಗಳದಲ್ಲಿ ಸೈಟು ತಗೊಂಡವರ ಪಾಡು.

ಎರಡನೇ ಪೆಟ್ಟು ಕಂಬಗಳಿಗೆ. ಮಳೆಗೆ ತೆರೆದ ಮರ, ನೀರಿನೊಳಗೆ ನಿಂತ ಮರ ಎರಡೂ ಸವೆದು ಅರ್ಧ ಗಟ್ಟಿತನಕ್ಕೆ ಇಳಿಯುತ್ತವೆ. ಅರ್ಧಕ್ಕೆ ಬಂದು ಅಲ್ಲೇ ನಿಲ್ಲುತ್ತವೆ, ಪೂರ್ತಿ ಕೊಳೆತು ಬೀಳುವುದಿಲ್ಲ. ಸುತ್ತಿಗೆಯಿಂದ ರಿಪೇರಿ ಮಾಡಲು ಸಾಮಾನು ಬೇಡ, ಹಾಗಾಗಿ ಎರಡು ಸಂಜೆ ರಿಪೇರಿ ಮಾಡಿದೆವು. ನೀರಿನೊಳಗಿನ ಕಂಬಕ್ಕೆ ಅದು ಪ್ರಯೋಜನವಿಲ್ಲದ ಕೆಲಸ, ಮತ್ತೆ ಅರ್ಧಕ್ಕೇ ಬರುತ್ತದೆ. ಆ ಅರ್ಧ ಗಟ್ಟಿತನದ ಕಂಬಕ್ಕೆ ದಾಳಿಯಲ್ಲಿ ಎರಡು ಏಟು ಸಾಕು.

ಮಾಡಿದ ತಿದ್ದುಪಡಿ: ಮುಂದಿನ ಎರಡು ಸಾಲು ಕಿತ್ತು, ಮನೆಯನ್ನು ಪೂರ್ತಿ ನೆಲದ ಮೇಲೆ ಹಿಂದಕ್ಕೆ ತಂದೆವು. ಸುತ್ತಿಗೆಯಿಂದ ಕಿತ್ತರೆ ಸಾಮಾನು ಪೂರ್ತಿ ವಾಪಸ್ ಬರುತ್ತದೆ. ಹೋದದ್ದು ಹೊತ್ತು ಮಾತ್ರ.

2. ದಿನ 115–119: ಮೂರು ಕಡೆ ಬೇಲಿ, ಒಂದು ಕಡೆ ಸಮುದ್ರ

ಚೂಪು ಮರದ ಬೇಲಿ, ತುಂಡಿಗೆ 4 ಕಟ್ಟಿಗೆ, 44 ತುಂಡು, ಒಟ್ಟು 176. ಕಾಡಿನ ಕಡೆ ಮತ್ತು ಎರಡು ಪಕ್ಕ ಮುಚ್ಚಿ, ಸಮುದ್ರದ ಕಡೆ ಬಿಟ್ಟೆವು. ನೀರೇ ಗೋಡೆ ಅಂದುಕೊಂಡಿದ್ದೆವು. ಕಾರ್ವ್ ದೋಣಿ ಆ ಕಡೆ ಮರಳಿಗೆ ಮೂಗು ತಾಗಿಸಿ ನಿಂತಿತ್ತು.

ದಿನ 119ರ ಸಂಜೆ ಕಾಡು ಕದಲುತ್ತಿದೆ ಎಂಬ ಸಂದೇಶ ಬಂತು. ಎಲ್ಡರ್ ಎಂಬ ಕಾಡಿನ ದೊಡ್ಡ ಶತ್ರು ಸೋತ ಮೇಲೆ ಬರುವ ದಾಳಿ ಇದು: ಕಾಡಿನ ಕುಳ್ಳ ಜೀವಿಗಳಾದ ಗ್ರೇಡ್ವಾರ್ಫ್‌ಗಳು, ಅವುಗಳ ದೊಡ್ಡಣ್ಣ ಬ್ರೂಟ್, ವಿಷ ಉಗಿಯುವ ಶಾಮನ್. ಬೇಲಿ ಒಂದು ನಿಮಿಷ ತಡೆಯಿತು. ಅಷ್ಟರಲ್ಲಿ ಎಂಟು-ಹತ್ತು ಗ್ರೇಡ್ವಾರ್ಫ್ ಬಲಗಡೆಯಿಂದ ನೀರಿಗಿಳಿದು ಸುತ್ತಿ ಬಂದವು. ಈ ಆಟದಲ್ಲಿ ಹೆಚ್ಚಿನವು ಈಜುತ್ತವೆ. ನಾವು ಸೂರಿನ ಮೇಲೆ ಹತ್ತಿ ಬಾಣ ಬಿಡುತ್ತಿದ್ದೆವು. ದಾಳಿ ಮುಗಿದಾಗ ಮನೆಗೆ ಗೀರು ಬಿದ್ದಿರಲಿಲ್ಲ, ದೋಣಿ ಇರಲಿಲ್ಲ.

ಕಾರಣ ತಿಳಿಯಲು ಇನ್ನೊಂದು ದಾಳಿ ಬೇಕಾಯಿತು. ಶತ್ರುವಿಗೆ ನಿಮ್ಮ ಹತ್ತಿರ ಬರಲು ದಾರಿ ಸಿಗದಿದ್ದರೆ ಅದು ಸುಮ್ಮನೆ ನಿಲ್ಲುವುದಿಲ್ಲ. ಕೈಗೆ ಸಿಕ್ಕ ಕಟ್ಟಡ, ಬಾಗಿಲು, ದೋಣಿ ಯಾವುದಾದರೂ ಒಡೆಯುತ್ತದೆ. ನಾವು ಸೂರಿನ ಮೇಲೆ ಸುರಕ್ಷಿತವಾಗಿ ಕೂತದ್ದೇ ದೋಣಿಗೆ ಮುಳುವಾಯಿತು.

ನಷ್ಟ: ಕಾರ್ವ್‌ಗೆ ಹಾಕಿದ್ದು 30 ಫೈನ್‌ವುಡ್ (ನಯ ಮರ), 10 ಜಿಂಕೆ ಚರ್ಮ, 20 ರಾಳ, 80 ಕಂಚಿನ ಮೊಳೆ. ಒಂದು ಕಂಚಿಗೆ 20 ಮೊಳೆ, ಅಲ್ಲಿಗೆ 4 ಕಂಚು. ಅಂದರೆ 8 ತಾಮ್ರ, 4 ತವರ. ಒಳಗಿದ್ದ ಸರಕು ತೇಲುವ ಪೆಟ್ಟಿಗೆಯಾಗಿ ಸಿಕ್ಕಿತು. ಉಳಿದದ್ದನ್ನು ಕತ್ತಲಲ್ಲಿ ಹುಡುಕುತ್ತಾ ಕೂರಲಿಲ್ಲ.

3. ದಿನ 120–129: ಏರಿ ಮತ್ತು ಕಂದಕ

ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರ್ ಅಲಿ ಅದನ್ನು ಕಲ್ಲಿಗೆ ತಿರುಗಿಸಿದ್ದು 1761ರಲ್ಲಿ. ಈ ಆಟದಲ್ಲೂ ಕ್ರಮ ಅದೇ, ಆದರೆ ಕಾರಣ ಬೇರೆ: ಶತ್ರುಗಳು ಮರ ಒಡೆಯುತ್ತವೆ, ಕಲ್ಲು ಒಡೆಯುತ್ತವೆ, ಮಣ್ಣನ್ನು ಮುಟ್ಟುವುದಿಲ್ಲ. ಸಾಕಷ್ಟು ಕಡಿದಾದ ಮಣ್ಣು ಹತ್ತಲು ಅವಕ್ಕೆ ಬರುವುದಿಲ್ಲ. ಎಷ್ಟು ಸೋವಿಯಾದ, ಎಷ್ಟು ಗಟ್ಟಿಯಾದ ಗೋಡೆ! ನಾವು ಅದನ್ನು ಕೊನೆಗೆ ಉಳಿಸಿಕೊಂಡಿದ್ದೆವು.

ಬೇಕಾದ ಸಲಕರಣೆ ಎರಡು. ಪಿಕಾಸಿ (ಜಿಂಕೆ ಕೊಂಬಿನದೂ ಸಾಕು) ಮತ್ತು ಗುದ್ದಲಿ. ಗುದ್ದಲಿಗೆ 5 ಕಟ್ಟಿಗೆ, 2 ಕಲ್ಲು. ಗುದ್ದಲಿಯಿಂದ ಮಟ್ಟ ಮಾಡುವುದು ಪುಕ್ಕಟೆ, ಮಣ್ಣು ಏರಿಸಲು ಪ್ರತಿ ಒತ್ತಿಗೆ 4 ಕಲ್ಲು. ಮೂಲ ನೆಲದಿಂದ 8 ಮೀಟರ್ ಮೇಲೆ, 8 ಮೀಟರ್ ಕೆಳಗೆ, ಅದೇ ಮಿತಿ. ಅದರಾಚೆ ಗುದ್ದಲಿ ಕಲ್ಲು ತಿನ್ನುತ್ತದೆ, ಮಣ್ಣು ಏರುವುದಿಲ್ಲ.

ಮೊದಲ ಯೋಜನೆ ಆಳವಾದ ಕಂದಕ. ಇಲ್ಲಿ ದಂಡೆ ಕೈಕೊಟ್ಟಿತು. ಸಮುದ್ರ ಮಟ್ಟಕ್ಕಿಂತ ಕೆಳಗೆ ಎಲ್ಲೇ ತೋಡಿದರೂ ನೀರು ಬಂದು ನಿಲ್ಲುತ್ತದೆ, ಸಮುದ್ರಕ್ಕೆ ಕಾಲುವೆ ಇರಲಿ ಬಿಡಲಿ. ನಮ್ಮ ನೆಲ ಇರುವುದೇ ನೀರಿಗಿಂತ 3 ಮೀಟರ್ ಮೇಲೆ. ನಾಲ್ಕು ಮೀಟರ್ ತೋಡಿದಾಗ ಒಂದು ಮೀಟರ್ ನೀರು ನಿಂತಿತು. ನೋಡಲು ಚೆನ್ನಾಗಿತ್ತು, ರಾಜಕಾಲುವೆಗಿಂತ ಶುಚಿ. ಕೆಲಸಕ್ಕೆ ಬರಲಿಲ್ಲ. ಗ್ರೇಡ್ವಾರ್ಫ್ ಬಿದ್ದು, ಈಜಿ, ಒಳದಡ ಓರೆಯಾಗಿದ್ದ ಕಡೆ ಹತ್ತಿ ಬಂತು. ತಡೆಯುವುದು ನೀರಲ್ಲ, ಒಳದಡದ ಕಡಿದಾದ ಮುಖ. ಇದು ಗೊತ್ತಾದ ಮೇಲೆ ಆಳದ ಹುಚ್ಚು ಬಿಟ್ಟೆವು.

ಎರಡನೇ ಯೋಜನೆ, ಈಗ ನಿಂತಿರುವುದು: 2 ಮೀಟರ್ ತೋಡು, ಒಳಗಡೆ 2.5 ಮೀಟರ್ ಏರಿಸು. ಕಂದಕದ ತಳದಿಂದ ಏರಿಯ ನೆತ್ತಿಗೆ 4.5 ಮೀಟರ್. ಕಂದಕದ ಅಗಲ 3 ಮೀಟರ್. ಉದ್ದ 46 ಮೀಟರ್, ಎರಡು ತುದಿಗಳೂ ನೀರಿನೊಳಗೆ ಇಳಿಯಬೇಕು. ಖರ್ಚು 160 ಒತ್ತು, 640 ಕಲ್ಲು. ನೆಲ ತೋಡಿದಾಗಲೂ ಕಲ್ಲು ಬೀಳುತ್ತದೆ, ಹಾಗಾಗಿ ಕಂದಕದಿಂದಲೇ ಏರಿಗೆ ಒಂದು ಪಾಲು ಸಿಕ್ಕಿತು. ಉಳಿದದ್ದು ದಂಡೆಯ ಬಂಡೆಗಳನ್ನು ಒಡೆದು ತಂದದ್ದು. ಕಲ್ಲಿನ ತೂಕ 2, ಒಂದು ಹೊರೆಗೆ 150.

ಏರಿಸುವ ಕ್ರಮದಲ್ಲಿ ಎಡವಟ್ಟು ಆಗುವುದು ಇಲ್ಲಿ:

ಏರಿಸಿದ ಪ್ರತಿ ಒತ್ತೂ ಅಕ್ಕಪಕ್ಕದ ಮಣ್ಣನ್ನು ಸ್ವಲ್ಪ ಎಳೆಯುತ್ತದೆ. ಮೊದಲು ಕಂದಕ ತೋಡಿ ಆಮೇಲೆ ಅಂಚಿನಲ್ಲೇ ಏರಿಸಿದರೆ ಕಂದಕದ ಗೋಡೆ ಓರೆಯಾಗುತ್ತದೆ. ಓರೆಯಾದರೆ ಹತ್ತುತ್ತವೆ. ಹಾಗಾಗಿ ಏರಿ ಮೊದಲು, ಕಂದಕ ಆಮೇಲೆ. ಏರಿ ಎದ್ದ ಮೇಲೆ ಹೊರಮುಖವನ್ನು ಪಿಕಾಸಿಯಿಂದ ಮೇಲಿನಿಂದ ಕೆಳಗೆ ಕೆತ್ತಿ ನೇರ ಮಾಡಬೇಕು. ನಾವು ತಿರುಗಾಮುರುಗಾ ಮಾಡಿ 12 ಮೀಟರ್ ಉದ್ದವನ್ನು ಎರಡು ಸಲ ಮಾಡಿದೆವು.

ಗುದ್ದಲಿಯ ಮಟ್ಟ ಮಾಡುವ ಆಯ್ಕೆ ನೀವು ನಿಂತ ಎತ್ತರವನ್ನೇ ಹಿಡಿಯುತ್ತದೆ. ಏರಿಯ ಪಕ್ಕ ನಿಂತು ಅಂಗಳ ಮಟ್ಟ ಮಾಡಲು ಹೋಗಿ ಏರಿಯ ಬುಡವನ್ನೇ ಸಪಾಟು ಮಾಡಿದ್ದು ಒಂದು ಸಲ. ಏರಿಯಿಂದ ಎರಡು ಮೀಟರ್ ಒಳಗೆ ಗುದ್ದಲಿ ಬೇಡ.

ಮನೆ ಏರಿಗೆ ಅಂಟಿಕೊಂಡಿರಬಾರದು. ಕನಿಷ್ಠ 6 ಮೀಟರ್ ಅಂತರ. ಕಾಡಿನ ದೈತ್ಯ ಟ್ರೋಲ್‌ನ ಕೈ ಉದ್ದ, ಗ್ರೇಡ್ವಾರ್ಫ್ ಕಲ್ಲು ಬೀರುತ್ತದೆ. ನಮ್ಮದು 5 ಮೀಟರ್ ಇದೆ. ಅದಕ್ಕೆ ಕಟ್ಟಿದ ದಂಡ ಕೊನೆಗೆ ಬರುತ್ತದೆ.

ಇದರ ಜೊತೆಗೆ ಏರಿಯ ಹೊರಗೆ, ಕಾಡಿನ ಕಡೆ, 30 ಮೀಟರ್‌ಗೊಂದರಂತೆ ಮೂರು ವರ್ಕ್‌ಬೆಂಚ್ ನೆಟ್ಟೆವು. ಒಟ್ಟು 30 ಕಟ್ಟಿಗೆ. ಅಲ್ಲಿ ಏನೂ ಕಟ್ಟಲಿಕ್ಕಲ್ಲ, ಸುತ್ತ 20 ಮೀಟರ್ ಏನೂ ಹುಟ್ಟದಿರಲಿ ಎಂದು. ದಾಳಿಯ ಗುಂಪೂ ಆ ವಲಯದ ಆಚೆಯಿಂದಲೇ ನಡೆದು ಬರಬೇಕು, ಬಾಣ ಹಿಡಿಯಲು ಹೊತ್ತು ಸಿಗುತ್ತದೆ. ದಾರಿಯಲ್ಲಿ ಒಂದೊಂದು ಬೆಂಚು ಮುರಿಯುತ್ತವೆ. ಮುರಿಯಲಿ, ಹತ್ತು ಕಟ್ಟಿಗೆ.

4. ದಿನ 130–137: ಜೆಟ್ಟಿ, ದೋಣಿ ಕೊಟ್ಟಿಗೆ

ಜೆಟ್ಟಿ 14 ಮೀಟರ್ ಉದ್ದ, 4 ಮೀಟರ್ ಅಗಲ ಎಂದು ಬರೆದುಕೊಂಡಿದ್ದೆವು. ಹಲಗೆ ಹಾಕುವಾಗ ಅಗಲ ಎರಡಕ್ಕೆ ಇಳಿಸಿದರೆ ಏಟು ತಿನ್ನುವ ಜಾಗ ಕಡಿಮೆ ಎಂದು ಹೊಳೆಯಿತು. ಆದರೆ ಲೋಹ ಹೊತ್ತು ಮೂವರು ಓಡಾಡಲು ನಾಲ್ಕೇ ಬೇಕು. ಕೊನೆಗೆ 14 ಹಲಗೆ, ಏಳು ಸಾಲು, ಸಾಲಿಗೆ ಎರಡು. 28 ಕಟ್ಟಿಗೆ. ಕೆಳಗಿನ ತೊಲೆ ಇನ್ನೊಂದು 28. ಕಂಬ 4 ಮೀಟರ್‌ನ ಕೋರ್‌ವುಡ್ (ಗಟ್ಟಿ ಮರ), ಕಂಬಕ್ಕೆ 2, ಹನ್ನೆರಡು ಕಂಬಕ್ಕೆ 24.

ಈಜುವಾಗ ಸುತ್ತಿಗೆ ಕೈಯಲ್ಲಿ ನಿಲ್ಲುವುದಿಲ್ಲ. ನೀರಿನಲ್ಲಿದ್ದು ಕಂಬ ನೆಡಲು ಆಗುವುದಿಲ್ಲ, ದಡದಿಂದ ಹೊರಗೆ ಬೆಳೆಸುತ್ತಾ ಹೋಗಬೇಕು. ವಿಧಾನ: ಒಂದು ಸಾಲು ಹಲಗೆ ಗಾಳಿಗೆ ಚಾಚಿ, ಅದರ ತುದಿಗೆ ಕಂಬದ ತಲೆ ಕಚ್ಚಿಸಿ ಕೆಳಗೆ ಇಳಿಸಿ. ತಳ ಮುಟ್ಟಿದ ಕೂಡಲೇ ಕಂಬದ ಬಣ್ಣ ನೀಲಿ. ಸುತ್ತಿಗೆ ಹಿಡಿದು ನೋಡಿದರೆ ನೀಲಿ ಅಂದರೆ ನೆಲಕ್ಕೆ ತಾಗಿದೆ, ಆಮೇಲೆ ಹಸಿರು, ಹಳದಿ, ಕಿತ್ತಳೆ, ಕೆಂಪು. ಕೆಂಪಿನ ಮುಂದೆ ಜೋಡಿಸಿದ್ದು ಬೀಳುತ್ತದೆ. ಒಂದು ಕಂಬ ತಳ ಮುಟ್ಟದಿದ್ದರೆ ಅದರ ಕೆಳಗೆ ಇನ್ನೊಂದು. ನಾವು ಕಂಬ ಬಿಟ್ಟು ಸಾಲಿನ ಮೇಲೆ ಸಾಲು ಚಾಚಲು ಹೋಗಿ, ಹಲಗೆಯ ಮೇಲೆ ನಿಂತವನ ಸಮೇತ ನೀರಿಗೆ ಬಿತ್ತು. ಕಟ್ಟಿಗೆ ತೇಲುತ್ತದೆ, ಹೆಕ್ಕಿಕೊಂಡೆವು. ಸ್ಟ್ಯಾಮಿನಾ (ಮೈಯ ಕಸುವು) ಮುಗಿದರೆ ಮುಳುಗಿ ಸಾಯುವುದೂ ಉಂಟು, ದಡದಿಂದ ದೂರ ಕೆಲಸ ಮಾಡುವಾಗ ಅದನ್ನು ತೋರಿಸುವ ಹಳದಿ ಪಟ್ಟಿ ನೋಡಿಕೊಳ್ಳಿ.

ಆಳ ಅಳೆಯಲು ಅದೇ 4 ಮೀಟರ್ ಕಂಬವೇ ಅಳತೆಗೋಲು. ತಳಕ್ಕೆ ನೆಟ್ಟಾಗ ನೀರಿನ ಮೇಲೆ ಒಂದೂವರೆ ಮೀಟರ್ ಉಳಿದರೆ ಆಳ ಎರಡೂವರೆ. ನಮ್ಮ ದೋಣಿಗೆ ಅಷ್ಟು ಸಾಕಾಯಿತು. ಕಡಿಮೆ ಇದ್ದ ಕಡೆ ತಳ ತೋಡಬೇಕು, ಆದರೆ ಈಜುತ್ತಾ ಪಿಕಾಸಿಯೂ ಬೀಸಲಾಗದು. ಎದೆಮಟ್ಟ ನೀರಿನಲ್ಲಿ ನಿಂತು ತೋಡುತ್ತಾ ಹಿಂದೆ ಸರಿಯುವುದು. ಮುಂದಕ್ಕೆ ಹೋದರೆ ತಾವೇ ತೋಡಿದ ಗುಂಡಿಗೆ ತಾವೇ ಬೀಳುವುದು.

ಈಗ ಕೊಟ್ಟಿಗೆ. ಜೆಟ್ಟಿಯ ಎರಡೂ ಪಕ್ಕ ಸಮುದ್ರದ ತಳದಿಂದಲೇ ಮಣ್ಣು ಏರಿಸಿ ಎರಡು ತೋಳು ಚಾಚಿದೆವು: ಎಡಕ್ಕೆ 14 ಮೀಟರ್, ಬಲಕ್ಕೆ 10. ಎರಡೂ ನೆಲದ ಏರಿಗೆ ಸೇರಿಕೊಳ್ಳುತ್ತವೆ. ನೀರಿನ ಮೇಲೆ 2 ಮೀಟರ್ ಎತ್ತರ. 130 ಒತ್ತು, 520 ಕಲ್ಲು. ಮೀಟರ್ ಲೆಕ್ಕದಲ್ಲಿ ನೋಡಿದರೆ ಮಣ್ಣಿನ ಕೆಲಸದಲ್ಲಿ ದುಬಾರಿ ಪಾಲು ಇದೇ, ಮಾಡಿದ್ದಕ್ಕೆ ಸಾರ್ಥಕವೂ ಇದೇ. ತೋಳುಗಳ ನಡುವೆ 8 ಮೀಟರ್ ಬಾಯಿ. ಒಳಗೆ ಅಲೆಯ ಹೊಡೆತ ಕಡಿಮೆ, ದೋಣಿ ಜೆಟ್ಟಿಗೆ ತಿಕ್ಕಿ ಸವೆಯುವುದು ತಪ್ಪಿತು. ದಡದಿಂದ ಸುತ್ತಿ ಈಜಿ ಬರುವ ಗ್ರೇಡ್ವಾರ್ಫ್‌ಗೆ ತೋಳಿನ ಹೊರಮುಖ ಹತ್ತಲಾಗದು, ಬಾಯಿಯ ತನಕ ಈಜಬೇಕು, ಆ ದಾರಿ ಪೂರ್ತಿ ಬಾಣದ ಕೆಳಗೆ.

ಬಾಯಿ ಮೊದಲು 5 ಮೀಟರ್ ಇಟ್ಟಿದ್ದೆವು. ಎದುರುಗಾಳಿಯಲ್ಲಿ ದೋಣಿ ಒಳಗೆ ತಿರುಗಿಸುವಾಗ ಎರಡು ಸಲ ತೋಳಿಗೆ ಬಡಿದು ದೋಣಿಗೇ ಪೆಟ್ಟು. ಎಡ ತೋಳಿನ ತುದಿ 3 ಮೀಟರ್ ಕೆತ್ತಿ ತೆಗೆದೆವು. ದೋಣಿಯ ಮೂಗು ಯಾವಾಗಲೂ ಹೊರಕ್ಕೆ.

ಇನ್ನೊಂದು ದಾರಿಯೂ ಇದೆ. ಸರಕು ಖಾಲಿ ಮಾಡಿ, ಯಾರೂ ಹತ್ತದಿರುವಾಗ ಬೆಂಚಿನ ವ್ಯಾಪ್ತಿಯಲ್ಲಿ ದೋಣಿಯನ್ನು ಸುತ್ತಿಗೆಯಿಂದ ಬಿಚ್ಚಿದರೆ ಮೊಳೆ, ಚರ್ಮ ಎಲ್ಲ ಕೈಗೆ ಬರುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ದೋಣಿಗೆ ಯಾವ ದಾಳಿಯೂ ಇಲ್ಲ. ಒಬ್ಬರೇ ಆಡುವವರು ಕೊಟ್ಟಿಗೆಯ ಗೋಜಿಗೆ ಹೋಗದೆ ಹೀಗೇ ಮಾಡಿ. ಮೂವರಲ್ಲಿ ಒಬ್ಬ ಮರೆತೇ ಮರೆಯುತ್ತಾನೆ, ನಮಗೆ ಕೊಟ್ಟಿಗೆಯೇ ಸರಿ.

5. ದಿನ 134, ನಡುವೆ: ಕರೆಂಟು

ಸರ್ವರ್ ಇರುವುದು ಬಸವನಗುಡಿಯ ಒಂದು ಮನೆಯ ಹಳೆ ಲ್ಯಾಪ್‌ಟಾಪಿನಲ್ಲಿ, ಅದರ ಬ್ಯಾಟರಿ ಸತ್ತು ವರ್ಷವಾಗಿದೆ. ಸಂಜೆ ಮಳೆ ಬಂತು, ಕರೆಂಟು ಹೋಯಿತು. ಸರ್ವರ್ ತಾನಾಗಿ ಉಳಿಸುವ ಅವಧಿ ಬದಲಿಸದಿದ್ದರೆ 1800 ಸೆಕೆಂಡ್. ಕೊನೆಯ ಉಳಿಕೆ ಆಗಿ 24 ನಿಮಿಷ ಕಳೆದಿತ್ತು.

ಹೋದದ್ದು ಬರೀ 24 ನಿಮಿಷ ಅಲ್ಲ. ಪ್ರಪಂಚ ಸರ್ವರ್‌ನಲ್ಲಿ ಉಳಿಯುತ್ತದೆ, ಆಟಗಾರನ ಚೀಲ ಅವನವನ ಕಂಪ್ಯೂಟರಿನಲ್ಲಿ. ವಿಜಯನಗರ, ಯಲಹಂಕದಲ್ಲಿ ಕರೆಂಟಿತ್ತು, ಸಂಪರ್ಕ ಕಡಿದಾಗ ಅಲ್ಲಿ ಖಾಲಿ ಚೀಲವೇ ಉಳಿಯಿತು. ಪ್ರಪಂಚ ಮಾತ್ರ ಹಿಂದಕ್ಕೆ ಹೋಯಿತು. ಎಡ ತೋಳಿಗೆ ಸುರಿದ 200 ಕಲ್ಲು ತೋಳಲ್ಲೂ ಇಲ್ಲ, ಚೀಲದಲ್ಲೂ ಇಲ್ಲ.

ಈಗ ಅವಧಿ 600 ಸೆಕೆಂಡ್. ಮಣ್ಣಿನ ಕೆಲಸ ಮುಗಿಸಿದ ಕೂಡಲೇ ಅಡ್ಮಿನ್ ಆದವರು ಕನ್ಸೋಲ್‌ನಲ್ಲಿ ಸೇವ್ ಕೊಡುತ್ತಾರೆ. ಲ್ಯಾಪ್‌ಟಾಪ್, ರೌಟರ್ ಎರಡೂ ಯುಪಿಎಸ್‌ಗೆ. ರೌಟರ್ ಬಿಟ್ಟು ಲ್ಯಾಪ್‌ಟಾಪ್ ಮಾತ್ರ ಹಾಕಿದರೆ ಉಪಯೋಗ ಅರ್ಧ.

6. ದಿನ 138–145: ಕಬ್ಬಿಣ ಬಂತು, ಕಲ್ಲು ಎದ್ದಿತು

ಮತ್ತೆ ಕಟ್ಟಿದ ಕಾರ್ವ್‌ನ ಮೊದಲ ಸರಕು 120 ಸ್ಕ್ರ್ಯಾಪ್. ಭಟ್ಟಿ ಎರಡು, ಇದ್ದಿಲು ಗೂಡು ಎರಡು, ಜೆಟ್ಟಿಯ ಬುಡದಿಂದ 4 ಮೀಟರ್‌ಗೆ. ಒಂದೊಂದಕ್ಕೂ 20 ಕಲ್ಲು, 5 ಸರ್ಟ್ಲಿಂಗ್ ಕೋರ್ (ಕೆಂಡದಂಥ ಹರಳು). ಭಟ್ಟಿ ಒಂದು ತುಂಡಿಗೆ 30 ಸೆಕೆಂಡ್ ಮತ್ತು 2 ಇದ್ದಿಲು ತಗೊಳ್ಳುತ್ತದೆ. ಗೂಡು 15 ಸೆಕೆಂಡಿಗೆ ಒಂದು ಇದ್ದಿಲು ಕೊಡುತ್ತದೆ. ಅಂದರೆ ಭಟ್ಟಿಗೊಂದು ಗೂಡು ಸರಿಸಮ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. 120 ತುಂಡಿಗೆ ಅರ್ಧ ಗಂಟೆ, 240 ಇದ್ದಿಲು. ಕಾದ ಗಟ್ಟಿಯ ತೂಕ 12, ಸ್ಕ್ರ್ಯಾಪ್‌ನದು 10: ಕಾಯಿಸಿದರೆ ಭಾರ ಏರುತ್ತದೆ. ಜೌಗಿನ ಕಡೆ ಭಟ್ಟಿ ಇಟ್ಟು ಗಟ್ಟಿ ತರುವ ಯೋಚನೆ ಇದ್ದರೆ ಬಿಡಿ. ಭಟ್ಟಿ, ಗೂಡು ಎರಡಕ್ಕೂ ಮೇಲೆ ಸೂರು ಹಾಕಬೇಡಿ, ಹೊಗೆ ಹೋಗಲು ಜಾಗ ಇಲ್ಲದಿದ್ದರೆ ನಿಂತುಬಿಡುತ್ತವೆ.

ಸ್ಟೋನ್‌ಕಟರ್‌ಗೆ (ಕಲ್ಲಿನಲ್ಲಿ ಕಟ್ಟಲು ಬೇಕಾದ ಬೆಂಚು) 10 ಕಟ್ಟಿಗೆ, 2 ಕಬ್ಬಿಣ, 4 ಕಲ್ಲು. ಮೊದಲ ಕಲ್ಲು ಹೋದದ್ದು ಜೆಟ್ಟಿಯ ಕೆಳಗೆ. ಕಲ್ಲಿಗೆ ಮಳೆ, ನೀರು ಯಾವುದೂ ತಾಗುವುದಿಲ್ಲ. 20 ಕಲ್ಲಿನ ಕಂಬ, ಕಂಬಕ್ಕೆ 5, ಒಟ್ಟು 100.

ಇಲ್ಲಿನ ತಪ್ಪು ಅವಸರದ್ದು. ಹಳೆ ಮರದ ಕಂಬ ಎರಡು ಒಟ್ಟಿಗೆ ಕಿತ್ತೆವು, ಜೆಟ್ಟಿಯ ತುದಿಯ ಎರಡು ಸಾಲು ನೀರಿಗೆ ಹೋಯಿತು. ಮೇಸ್ತ್ರಿಗಳು ಮೋಲ್ಡ್ ಗಟ್ಟಿಯಾಗುವ ತನಕ ಸೆಂಟ್ರಿಂಗ್ ಬಿಚ್ಚುವುದಿಲ್ಲ. ಕಲ್ಲಿನ ಕಂಬ ಪಕ್ಕದಲ್ಲಿ ನಿಲ್ಲಿಸಿ, ಅದು ನೀಲಿ ಆಗಿದ್ದು ನೋಡಿ, ತೊಲೆ ಅದಕ್ಕೆ ಕೂತ ಮೇಲೆ ಮರ ಕೀಳಬೇಕು.

ಕಲ್ಲು ಎತ್ತರಕ್ಕೆ ಹೊರುತ್ತದೆ, ಅಡ್ಡಕ್ಕೆ ಚಾಚುವುದಿಲ್ಲ. ಜೆಟ್ಟಿಯ ಹಲಗೆಯನ್ನೂ ಕಲ್ಲು ಮಾಡಲು ಹೊರಟು, ಕಂಬದಿಂದ ಸ್ವಲ್ಪ ದೂರಕ್ಕೇ ನೆಲ ಉದುರಿತು. ಕಬ್ಬಿಣದ ತೊಲೆ (2 ಕಟ್ಟಿಗೆ, 1 ಕಬ್ಬಿಣ) ಕೆಳಗೆ ಕೊಟ್ಟರೆ ನಿಲ್ಲುತ್ತದೆ. ಆದರೆ ಆ ಕಬ್ಬಿಣ ಅಲ್ಲಿಗೆ ದಂಡ. ಹಲಗೆ ಮರದ್ದೇ ಇರಲಿ.

ಮರಳಿನ ಕಡೆ 24 ಮೀಟರ್‌ಗೆ 4×2ರ ಕಲ್ಲುಗೋಡೆ, ಎರಡು ಸುತ್ತು, 12 ತುಂಡು, 72 ಕಲ್ಲು. ಇದು ಏರಿಯ ಬದಲಿಗೆ ಅಲ್ಲ, ಏರಿಯ ಮೇಲೆ ನಿಂತವನಿಗೆ ಮರೆ ಅಷ್ಟೆ.

ಇಲ್ಲಿಗೆ ಕಲ್ಲಿನ ಲೆಕ್ಕ: ಏರಿ 640, ತೋಳು 520, ಕಂಬ 100, ಗೋಡೆ 72, ಭಟ್ಟಿ-ಗೂಡು 80, ಸ್ಟೋನ್‌ಕಟರ್ 4. ಒಟ್ಟು 1416, ಹತ್ತು ಹೊರೆ. ಮಳೆಯಲ್ಲಿ ಹೋದ 200 ಬೇರೆ.

7. ದಿನ 146–157: ಬಾಗಿಲು ಬಿಟ್ಟು ನೋಡಿದ್ದು

ಏರಿ ಪೂರ್ತಿ ಮುಚ್ಚಿದರೆ ಶತ್ರು ದಾರಿ ಕಾಣದೆ ಎಲ್ಲೆಂದರಲ್ಲಿ ಒಡೆಯುತ್ತದೆ ಎಂದು ಮೊದಲೇ ಕಂಡಿದ್ದೆವು. ಹಾಗಾಗಿ ಒಂದು ದಾರಿ ಬೇಕೆಂದೇ ಬಿಟ್ಟೆವು. ಕಾಡಿನ ಕಡೆ 3 ಮೀಟರ್ ಅಗಲದ ಇಳಿಜಾರು, ಒಳಗೆ ಬಂದ ಕೂಡಲೇ ಬಲಕ್ಕೆ ತಿರುವು, ತಿರುವಿನ ಎರಡು ಬದಿ ಆರು ಚೂಪು ಗೂಟ. ಗೂಟಕ್ಕೆ 6 ಕಟ್ಟಿಗೆ, 4 ಕೋರ್‌ವುಡ್. ಒಟ್ಟು 36 ಮತ್ತು 24. ತಿರುವಿನಿಂದ 12 ಮೀಟರ್‌ಗೆ 4 ಮೀಟರ್ ಎತ್ತರದ ಅಟ್ಟಣೆ. ಗೂಟ ನಮ್ಮ ಕಾಲಿಗೂ ಚುಚ್ಚುತ್ತದೆ, ಕತ್ತಲಲ್ಲಿ ಓಡುವಾಗ ನಾವೇ ಎರಡು ಸಲ ತಿಂದಿದ್ದೇವೆ.

ದಾಳಿ ಯಾವಾಗ ಬರುತ್ತದೆ ಎಂಬ ಲೆಕ್ಕ: 46 ನಿಮಿಷಕ್ಕೊಮ್ಮೆ ಆಟ ಪಗಡೆ ಹಾಕುತ್ತದೆ, ಬೀಳುವ ಸಾಧ್ಯತೆ ನೂರಕ್ಕೆ 20. ಆಟಗಾರನ ಸುತ್ತ ವರ್ಕ್‌ಬೆಂಚ್, ಬೆಂಕಿ, ಹಾಸಿಗೆಯಂಥ ವಸ್ತು ಮೂರಾದರೂ ಇರಬೇಕು. ಎದುರು ದಡದ ಜೌಗಿನಲ್ಲಿ ನಾವು ಒಂದು ಬೆಂಚು ಬಿಟ್ಟು ಏನೂ ಇಟ್ಟಿಲ್ಲ, ಅಲ್ಲಿ ಒಮ್ಮೆಯೂ ದಾಳಿ ಬಿದ್ದಿಲ್ಲ.

ದಿನ 148, ಕಾಡು ಮತ್ತೆ ಕದಲಿತು. ಗ್ರೇಡ್ವಾರ್ಫ್‌ಗೆ ಬೆಂಕಿ ಆಗದು, ಹಾಗಾಗಿ ಬೆಂಕಿ ಬಾಣ: 8 ಕಟ್ಟಿಗೆ, 8 ರಾಳ, 2 ಗರಿಗೆ 20 ಬಾಣ. 60 ಬಾಣ ಮಾಡಿಟ್ಟಿದ್ದರಲ್ಲಿ 41 ಹೋಯಿತು. ಬೆಂಕಿ ಹರಡುವ ಆಯ್ಕೆಯನ್ನು ಪ್ರಪಂಚಕ್ಕೆ ಹಾಕಿಕೊಂಡಿದ್ದರೆ ಮರದ ಮನೆ ಹತ್ತಿರ ಇದು ಬೇಡ. ಗುಂಪು ಇಳಿಜಾರಿಗೇ ಬಂತು. ಮೂರು ಮಾತ್ರ ನೀರಿಗಿಳಿದವು, ಎಡ ತೋಳಿಗೆ ಬಡಿದು ಅಲ್ಲೇ ಸುತ್ತಿದವು. ಮುರಿದದ್ದು ಎರಡು ಗೂಟ, ಹೊರಗಿನ ಒಂದು ಬೆಂಚು. ದೋಣಿಗೆ ಏನೂ ಇಲ್ಲ. ರಿಪೇರಿ ಮೂರು ನಿಮಿಷ.

ದಿನ 155, ನೆಲ ನಡುಗಿತು: ಟ್ರೋಲ್‌ಗಳು. ಎರಡು ಬಂದವು. ಒಂದು ಇಳಿಜಾರಿಗೆ ಬಂದು ಗೂಟ ಪುಡಿ ಮಾಡಿತು. ಟ್ರೋಲ್‌ಗೆ ಚುಚ್ಚುವ ಏಟು ಹೆಚ್ಚು ತಾಗುತ್ತದೆ, ಗದೆ-ಸುತ್ತಿಗೆ ಕಡಿಮೆ. ಬಾಣಕ್ಕೇ ಬಿತ್ತು. ಇನ್ನೊಂದು ಕಂದಕದ ಆಚೆ ನಿಂತು ಏರಿಯ ಮೇಲಿಂದ ಕೈ ಬೀಸಿತು. 5 ಮೀಟರ್ ಅಂತರದ ದಂಡ ಇದೇ: ಮನೆಯ ಸೂರಿನ ಅಂಚು ನಾಲ್ಕು ತುಂಡು ಹೋಯಿತು. ಆಮೇಲೆ ಅದು ಅಟ್ಟಣೆಯ ಮೂಲೆಗೆ ಬಂತು. ಅಟ್ಟಣೆಯನ್ನು ಏರಿಗೆ ಒತ್ತಿ ಕಟ್ಟಿದ್ದೆವು, ಮೂಲೆಗೊಂದೇ ಕಂಬ, ಅದೂ ಮಳೆಗೆ ಸವೆದು ಅರ್ಧವಾದ ಮರ. ಒಂದೇ ಏಟಿಗೆ ಕಂಬ ಹೋಯಿತು, ಹಿಂದೆಯೇ ಮೇಲಿನ ನೆಲ, ನೆಲದ ಮೇಲಿದ್ದ ಇಬ್ಬರು. ಒಬ್ಬ ಕಂದಕಕ್ಕೇ ಬಿದ್ದ. ಸತ್ತ ಜಾಗದಲ್ಲೇ ಎದ್ದ ಗೋರಿಕಲ್ಲಿನಿಂದ ಅವನ ಸಾಮಾನು ತಂದಾಗಿದೆ.

ದಿನ 156–157: ಅಟ್ಟಣೆ ಏರಿಯಿಂದ 7 ಮೀಟರ್ ಒಳಗೆ, ಮೂಲೆಗೆ ಎರಡು ಕಲ್ಲಿನ ಕಂಬ, ಮೇಲೆ ಕೋರ್‌ವುಡ್ ತೊಲೆ, ತೊಲೆಯ ಮೇಲೆ ಸೂರು. ಮನೆ ಕದಲಿಸಲಿಲ್ಲ. ಬದಲಿಗೆ ಆ ಕಡೆಯ ಕಂದಕವನ್ನು ಹೊರಕ್ಕೆ 3ರಿಂದ 5 ಮೀಟರ್ ಅಗಲ ಮಾಡಿದೆವು. ಟ್ರೋಲ್ ಅಷ್ಟು ದೂರ ನಿಲ್ಲಬೇಕು. ಲಾಂಗ್‌ಶಿಪ್‌ಗೆ 10 ಕಬ್ಬಿಣದಿಂದ 100 ಮೊಳೆ ಆಗಿದೆ, 40 ಫೈನ್‌ವುಡ್, 10 ಜಿಂಕೆ ಚರ್ಮ ಪೆಟ್ಟಿಗೆಯಲ್ಲಿದೆ. ಜೌಗಿನ ಮರದ ತೊಗಟೆ 40 ಬೇಕು, 26 ಸಿಕ್ಕಿದೆ. ಅದು ನೀರಿಗಿಳಿದ ದಿನ ಕೊಟ್ಟಿಗೆಯ ಬಾಯಿ 8 ಮೀಟರ್ ಸಾಕೋ ಇಲ್ಲವೋ ನೋಡಿ ಬಲ ತೋಳಿನ ತುದಿ ಕೆತ್ತಬೇಕು.